ಎಪ್ಪತ್ತೊಂದನೆಯ ಜೋಡಿಚಿತ್ರ

ಸೋಮವಾರ ಹಲ್ಲುನೋವೆಂದು ಒಟೀಲಿ ಕೆಲಸಕ್ಕೆ ಹೋಗಿರಲಿಲ್ಲ. ಹನ್ನೊಂದು ವರ್ಷಗಳಲ್ಲಿ ಅವಳು ತಪ್ಪಿಸಿದ ನಾಲ್ಕನೆಯ ದಿನ ಅದು. ಮಂಗಳವಾರ ಬೆಳಿಗ್ಗೆ ದವಡೆಗೆ ಉಣ್ಣೆಯ ಬಟ್ಟೆ ಕಟ್ಟಿಕೊಂಡು ಒಳಗೆ ಕಾಲಿಟ್ಟಾಗ ಒಬ್ಬರೂ ತಮ್ಮ ಮೇಜಿನಲ್ಲಿರಲಿಲ್ಲ. ಹದಿಮೂರು ಹೆಂಗಸರೂ ಚಿತ್ರ ಕತ್ತರಿಸುವ ಯಂತ್ರವನ್ನು ಮುತ್ತಿಕೊಂಡಿದ್ದರು. ಯಂತ್ರದ ಮೇಲೊಂದು ಅಗಲವಾದ ತಗಡಿನ ತಟ್ಟೆ, ತಟ್ಟೆಯ ತುಂಬ ಪ್ಲಮ್ ಹಣ್ಣಿನ ಹೋಳು ಒತ್ತೊತ್ತಾಗಿ ಜೋಡಿಸಿದ ಕೇಕು. ಯುದ್ಧ ಶುರುವಾಗಿ ವರ್ಷವಾಗಿತ್ತು. ಅಷ್ಟು ಸಕ್ಕರೆ, ಅಷ್ಟು ಬೆಣ್ಣೆಯನ್ನು ಒಂದೇ ಕಡೆ ನೋಡಿ ಎಷ್ಟು ತಿಂಗಳಾಗಿತ್ತೋ!

"ಬಾರೇ ಒಟೀಲಿ! ನಿನ್ನೆ ಎಲ್ಲಿ ಹಾಳಾಗಿ ಹೋಗಿದ್ದೆ?" ಅಫ್ರಾ ಕೂಗಿದಳು. ಯಂತ್ರದ ಅಲಗು ಎಳೆದು ಎಳೆದು ಗಂಡಸರ ತೋಳಿನಂತಾಗಿದ್ದ ತೋಳಿನಿಂದ ಅವಳನ್ನು ಬಳಸಿ ಹಿಡಿದುಕೊಂಡಳು. "ನನ್ನ ಕೊರ್ಬಿ ಸಿಕ್ಕಿದ ಕಣೇ! ನಮ್ಮ ಪುಸ್ತಕದಲ್ಲೇ ಇದ್ದಾನೆ!"

"ಪುಸ್ತಕದಲ್ಲಾ?"

"ಎಪ್ಪತ್ತೊಂದು. ನಿನ್ನೆ ಹಾಳೆ ಕತ್ತರಿಸ್ತಾ ಇದ್ದೆ, ಅಲಗು ಇಳಿಸೋಕೆ ಮುಂಚೆ ನೋಡ್ತೀನಿ, ನನ್ನ ಮಗ! ಹುಲ್ಲಿನ ಮೇಲೆ ಬಿದ್ದುಕೊಂಡು ಗೊರಕೆ ಹೊಡೀತಿದ್ದಾನೆ. ಸೋಮಾರಿ ಮುಂಡೇದು, ಅಮ್ಮನಿಗೆ ಒಂದು ಸಾಲು ಬರೆಯೋಕೆ ಪುರುಸೊತ್ತಿಲ್ಲ, ಮಲಗೋಕೆ ಪುರುಸೊತ್ತಿದೆ!"

ಎಲ್ಲರೂ ನಕ್ಕರು. ಅಫ್ರಾಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. "ತಿನ್ನು. ಒಂದು ತಿಂಗಳ ಸಕ್ಕರೆ ಸುರಿದಿದ್ದೀನಿ."

"ಹಲ್ಲು ನೋಯ್ತಿದೆ ಕಣೇ."

"ಹಲ್ಲೇ ಇಲ್ಲದ ನಮ್ಮತ್ತೆ ಎರಡು ತುಂಡು ನುಂಗಿದಾರೆ. ಬಾಯಿ ತೆಗಿ."

ಒಟೀಲಿ ಹಣ್ಣಿನ ಹೋಳನ್ನಷ್ಟೇ ನಾಲಿಗೆಯ ಮೇಲಿಟ್ಟು ಕರಗಿಸಿದಳು. ಅವಳಿಗೂ ನಿಜವಾಗಿ ಹಿಗ್ಗಾಗಿತ್ತು. ಜೂನ್ ಒಂಬತ್ತರಂದು ಫ್ರಾನ್ಸಿನಿಂದ ಬರೆದದ್ದೇ ಕೊರ್ಬಿನಿಯನ್‌ನ ಕೊನೆಯ ಕಾಗದ. ಆಮೇಲೆ ಅಫ್ರಾ ಬರೆದ ಮೂರು ಕಾಗದಗಳೂ ಸೇನೆಯ ಅಂಚೆಯಿಂದ ತಿರುಗಿ ಬಂದಿದ್ದವು. ಮೂರರ ಮೇಲೂ 'ಹೊಸ ವಿಳಾಸಕ್ಕಾಗಿ ಕಾಯಿರಿ' ಎಂಬ ಮುದ್ರೆ. ಅಷ್ಟು ಬಿಟ್ಟರೆ ಒಳ್ಳೆಯ ಸುದ್ದಿಯೂ ಇಲ್ಲ, ಕೆಟ್ಟದ್ದೂ ಇಲ್ಲ. ಬೇಸಿಗೆಯಿಡೀ ಅಫ್ರಾ ಕುಗ್ಗಿಹೋಗಿದ್ದಳು. ಈಗ ಚಿತ್ರದ ಹಿಂದೆ ತಾರೀಖು ಅಚ್ಚಾಗಿತ್ತು: ಜೂನ್ ಹದಿನಾಲ್ಕು. ಕಾಗದ ನಿಂತ ಐದು ದಿನಗಳ ಮೇಲೂ ಮಗ ಬದುಕಿದ್ದಾನೆ, ಗೆದ್ದಿದ್ದಾನೆ, ದಣಿದು ಮಲಗಿದ್ದಾನೆ. ಚಿತ್ರದ ಹೆಸರೇ 'ಗೆಲುವಿನ ಮರುದಿನದ ನಿದ್ದೆ'.

ಹಾರ್ಟಿಂಗರ್ ಮೇಸ್ತ್ರಿ ತನ್ನ ಗಾಜಿನ ಕೋಣೆಯಿಂದ ಹೊರಗೆ ಬಂದು ತಾನೂ ಒಂದು ತುಂಡು ಕೇಕು ತೆಗೆದುಕೊಂಡ. "ಗುರುವಾರ ಹತ್ತು ಗಂಟೆಗೆ ಪಕ್ಷದ ಜಿಲ್ಲಾ ಕಚೇರಿಯವರು ಬರ್ತಾರೆ. ಪತ್ರಿಕೆಯವರೂ ಜೊತೆಗಿರ್ತಾರೆ. ನಮ್ಮ ಅಫ್ರಾಮ್ಮ ಕನ್ನಡಕ ಹಿಡಿದು ಮಗನನ್ನ ನೋಡೋ ಫೋಟೋ ತೆಗೀತಾರೆ. ಆಮೇಲೆ ಅವರೆದುರಿಗೇ ಚಿಕ್ಕವನ ಕಾಗದಕ್ಕೆ ಸಹಿ. ಒಂದು ಮನೆಯಿಂದ ಇಬ್ಬರು ಯೋಧರು! ಇನ್ನೇನು ಬೇಕು?"

ಒಟೀಲಿ ಅಫ್ರಾಳ ಕಡೆ ನೋಡಿದಳು. "ಸಹಿ ಹಾಕ್ತೀಯಾ?"

"ಹಾಕ್ತೀನಿ ಕಣೇ. ವೀಟ್ ಮೂರು ತಿಂಗಳಿಂದ ಪ್ರಾಣ ತಿಂತಿದ್ದಾನೆ. ದೊಡ್ಡವನ ಸುದ್ದಿ ಇಲ್ಲದೆ ಚಿಕ್ಕವನನ್ನ ಕಳಿಸಲ್ಲ ಅಂತ ಹಟ ಹಿಡಿದಿದ್ದೆ. ಈಗ ಇನ್ನೇನು ನೆಪ ಹೇಳ್ಲಿ?"

ವೀಟ್‌ಗೆ ಹದಿನೆಂಟು. ತಾನಾಗಿ ಸೇನೆ ಸೇರಬೇಕಾದರೆ ಆ ವಯಸ್ಸಿಗೆ ಮನೆಯವರ ಒಪ್ಪಿಗೆ ಬೇಕು. ಅಪ್ಪ ಮರ ಕೊಯ್ಯುವ ಕಾರ್ಖಾನೆಯಲ್ಲಿ ಸತ್ತು ಒಂಬತ್ತು ವರ್ಷವಾಗಿತ್ತು. ಸಹಿ ತಾಯಿಯದೇ ಆಗಬೇಕು.

ಗಂಟೆ ಬಾರಿಸಿತು. ಎಲ್ಲರೂ ಕೈ ತೊಳೆದುಕೊಂಡು ತಮ್ಮ ತಮ್ಮ ಜಾಗಕ್ಕೆ ಹೋದರು.

ಅವರ ಪುಸ್ತಕಗಳು ಬೇರೆ ಪುಸ್ತಕಗಳಂತಲ್ಲ. ದಪ್ಪನೆಯ ರಟ್ಟಿನೊಳಗೆ ಸಾಲಾಗಿ ಸಂದುಗಳು, ಸಂದುಗಳಲ್ಲಿ ನೂರು ಜೋಡಿಚಿತ್ರಗಳು, ಜೊತೆಗೆ ತಗಡಿನದೊಂದು ಮಡಚುವ ಕನ್ನಡಕ. ಒಂದೇ ನೋಟವನ್ನು ಎರಡು ಕಣ್ಣಿನ ಕ್ಯಾಮೆರಾ ಎರಡು ಬಾರಿ ಹಿಡಿದು ಅಕ್ಕಪಕ್ಕ ಇಟ್ಟಿರುತ್ತದೆ. ಬರಿಗಣ್ಣಿಗೆ ಅವು ಅವಳಿಜವಳಿ ಚಿತ್ರಗಳು. ಕನ್ನಡಕದಲ್ಲಿ ಎರಡೂ ಬೆರೆತು ಒಂದಾಗಿ, ಹತ್ತಿರದ್ದು ಹತ್ತಿರ, ದೂರದ್ದು ದೂರ ಎದ್ದು ನಿಲ್ಲುತ್ತದೆ. ಕೈಚಾಚಿದರೆ ಫಿರಂಗಿಯ ಮೂತಿ ಮುಟ್ಟಬಹುದು ಎನಿಸುತ್ತದೆ. ಹಿಂದೆ ಆ ಪ್ರಕಾಶನದವರು ಬೆಟ್ಟಗಳ, ಚರ್ಚುಗಳ, ಪ್ರದರ್ಶನಗಳ ಪುಸ್ತಕ ಮಾಡುತ್ತಿದ್ದರು. ಕಳೆದ ವರ್ಷ ಪೋಲೆಂಡಿನ ದಂಡಯಾತ್ರೆ, ಈ ವರ್ಷ ಪಶ್ಚಿಮದ ದಂಡಯಾತ್ರೆ. ಕ್ರಿಸ್ಮಸ್ಸಿನೊಳಗೆ ಮೂವತ್ತು ಸಾವಿರ ಪ್ರತಿ ಆಗಬೇಕಿತ್ತು.

ಕತ್ತರಿಸಿದ ಪ್ರತಿಯೊಂದು ಜೋಡಿಯನ್ನೂ ಕನ್ನಡಕದಲ್ಲಿಟ್ಟು ನೋಡುವುದು ಒಟೀಲಿಯ ಕೆಲಸ. ಎಡದ್ದು ಬಲಕ್ಕೆ ಹೋಗಿದೆಯೇ, ಚುಕ್ಕೆ ಬಿದ್ದಿದೆಯೇ, ಅಂಚು ಸೊಟ್ಟವೇ. ಸಣ್ಣ ಪುಟ್ಟ ಚುಕ್ಕೆಗಳ ಟಚಿಂಗ್ ಕೂಡ ಅವಳದೇ. ಮೂರು ಕೂದಲಿನ ಕುಂಚದಿಂದ ನೆಗೆಟಿವಿನ ಮೇಲೆ ಬಣ್ಣ ಮುಟ್ಟಿಸಿ ಮುಚ್ಚುತ್ತಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ಸಾಸಿವೆಯೂ ಹೋಗದು ಎಂದು ಎಲ್ಲರೂ ಹೇಳುತ್ತಿದ್ದರು. ಅದಕ್ಕೆ ಕಾರಣ ಜಾಣತನಕ್ಕಿಂತ ಹೆಚ್ಚಾಗಿ ಭಯ ಎಂಬುದು ಅವಳಿಗೆ ಗೊತ್ತಿತ್ತು. ಬಾಗಿಲಿಗೆ ಚಿಲಕ ಹಾಕಿದ್ದೇನೆಯೇ ಎಂದು ಮೂರು ಸಲ ನೋಡುವವಳಿಗೆ ಚಿತ್ರವನ್ನು ಎರಡು ಸಲ ನೋಡುವುದು ಏನು ಕಷ್ಟ? ಅವಳು ರಜೆ ಹಾಕಿದ ಸೋಮವಾರ ಲಿಯೋಬಾ ಎಂಬವಳು ಆ ಮೇಜಿನಲ್ಲಿ ಕೂತು ಎಪ್ಪತ್ತೊಂದರ ಮಾದರಿಯನ್ನು ಪಾಸು ಮಾಡಿದ್ದಳು. ಮಿಕ್ಕ ಕಟ್ಟುಗಳು ಮಂಗಳವಾರ ಮಧ್ಯಾಹ್ನ ಒಟೀಲಿಯ ಮುಂದೆ ಬಂದವು.

ಮೊದಲು ಬರಿಗಣ್ಣಿನಿಂದ ನೋಡಿದಳು. ರಸ್ತೆಯ ಪಕ್ಕದ ಹುಲ್ಲಿನಲ್ಲಿ ಒಂಬತ್ತು ಸೈನಿಕರು ಮಲಗಿದ್ದಾರೆ. ಹಿಂದೊಂದು ಬೇಲಿ, ಒಂದು ಕುದುರೆ, ದೊಡ್ಡ ಮರ. ಎಲ್ಲರಿಗಿಂತ ಮುಂದೆ, ಮುಖ ಇತ್ತ ತಿರುಗಿಸಿಕೊಂಡು ಕೊರ್ಬಿನಿಯನ್. ಸಂಶಯವೇ ಇಲ್ಲ, ಚಿಕ್ಕಂದಿನಲ್ಲಿ ಹಿಮದ ಜಾರುಬಂಡಿಯಿಂದ ಬಿದ್ದು ಸೀಳಿಕೊಂಡ ಹುಬ್ಬು, ಸ್ವಲ್ಪ ತೆರೆದ ಬಾಯಿ. ಆ ಮುಖದ ಮೇಲೊಂದು ಕರಿ ಚುಕ್ಕೆ. ಒಟೀಲಿಯ ಕೈ ತನ್ನಿಂದ ತಾನೇ ಕುಂಚಕ್ಕೆ ಹೋಯಿತು. ಬಿಳಿ ಚುಕ್ಕೆಯಾದರೆ ನೆಗೆಟಿವಿನ ಮೇಲಿನ ಧೂಳು, ಕರಿ ಚುಕ್ಕೆಯಾದರೆ ಕ್ಯಾಮೆರಾದೊಳಗಿನ ಧೂಳು. ಎಡಗಡೆಯ ಚಿತ್ರದಲ್ಲಿ ಅದು ಕಣ್ಣಿನ ಮೂಲೆಯಲ್ಲಿತ್ತು. ಬಲಗಡೆಯದರಲ್ಲಿ ಕೆಳತುಟಿಯ ಮೇಲಿತ್ತು. ಎರಡು ಧೂಳಿನ ಕಣ ಹುಡುಕಿಕೊಂಡು ಹೋಗಿ ಒಂದೇ ಮುಖದ ಮೇಲೆ ಕೂತವೇ, ಇವಕ್ಕೆಷ್ಟು ಬುದ್ಧಿ ಎಂದುಕೊಂಡು ಅವಳು ಕನ್ನಡಕ ಹಿಡಿದಳು.

ಹುಲ್ಲು ಕುದಿಯುತ್ತಿತ್ತು. ಬೇಲಿಯ ಹಿಂದಿನ ಮರದ ಎಲೆಗಳೂ ಬಿಸಿಲುಗುದುರೆಯಂತೆ ಮಿಣಮಿಣ ನಡುಗುತ್ತಿದ್ದವು. ಕುದುರೆಗೆ ಎರಡು ಬಾಲ, ಒಂದೂವರೆ ತಲೆ. ಒಟೀಲಿಗೆ ತಕ್ಷಣ ತಿಳಿಯಿತು. ಇದು ಎರಡು ಕಣ್ಣಿನ ಕ್ಯಾಮೆರಾದ್ದಲ್ಲ. ಒಂದೇ ಕಣ್ಣಿನ ಕ್ಯಾಮೆರಾದಲ್ಲಿ ಒಮ್ಮೆ ಹಿಡಿದು, ಸ್ವಲ್ಪ ಪಕ್ಕಕ್ಕೆ ಸರಿಸಿ ಮತ್ತೊಮ್ಮೆ ಹಿಡಿದದ್ದು. ಎರಡರ ನಡುವೆ ಹೊತ್ತು ಸರಿದಿರುತ್ತದೆ. ಆ ಹೊತ್ತಿನಲ್ಲಿ ಅಲುಗಿದ್ದೆಲ್ಲ ಕನ್ನಡಕದಲ್ಲಿ ನಡುಗುತ್ತದೆ. ಹೀಗೆ ತೆಗೆದ ಕಟ್ಟಡಗಳ ಚಿತ್ರಗಳನ್ನು ಅವಳು ಬೇಕಾದಷ್ಟು ನೋಡಿದ್ದಳು. ಒಮ್ಮೆ ಉದ್ಯಾನದ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಮುದುಕನೊಬ್ಬ ಅಂಥ ಚಿತ್ರದಲ್ಲಿ ಸಿಕ್ಕಿಬಿದ್ದಿದ್ದ. ಅವನು ಅಲುಗದೆ ಕೂತಿದ್ದನೆಂದೇ ಫೋಟೋದವನ ವಾದ. ಆದರೆ ಅವನ ಎದೆ, ಎದೆಯ ಮೇಲಿನ ಗಡ್ಡ, ಗಡ್ಡದ ಕೆಳಗಿನ ಪತ್ರಿಕೆ ಎಲ್ಲ ನೀರಿನೊಳಗಿನ ವಸ್ತುವಿನಂತೆ ತೇಲುತ್ತಿದ್ದವು. ಉಸಿರಾಡುವ ಯಾವುದೂ ಎರಡು ಸಲ ಒಂದೇ ಆಗಿರುವುದಿಲ್ಲ.

ಈ ಒಂಬತ್ತು ಜನ ತೇಲುತ್ತಿರಲಿಲ್ಲ.

ಅವಳು ಕನ್ನಡಕ ಒರೆಸಿ ಮತ್ತೆ ನೋಡಿದಳು. ಕುದಿಯುವ ಹುಲ್ಲಿನ ನಡುವೆ ಒಂಬತ್ತು ಜನವೂ ಕಲ್ಲಿನಂತೆ ಸ್ಪಷ್ಟವಾಗಿದ್ದರು. ಗುಂಡಿ ಗುಂಡಿಯೂ ನಿಶ್ಚಲ. ಒಬ್ಬನಾದರೂ ಬೆರಳು ಸರಿಸಿರಬೇಕಲ್ಲ ಎಂದು ಒಬ್ಬೊಬ್ಬರ ಮೇಲೂ ಕಣ್ಣಿಟ್ಟು ಹುಡುಕಿದಳು. ಹುಡುಕುತ್ತ ಹೋದಂತೆ ಉಳಿದದ್ದೂ ಕಾಣತೊಡಗಿತು. ಜೂನ್ ತಿಂಗಳ ನಡುಮಧ್ಯಾಹ್ನ, ಮರದ ನೆರಳು ಬುಡದಲ್ಲೇ ಇದೆ. ಆದರೂ ಎಲ್ಲರೂ ಗಂಟಲವರೆಗೆ ದಪ್ಪ ಕೋಟು ಹೊದ್ದಿದ್ದಾರೆ. ದಣಿದು ಬಿದ್ದವರು ಅಡ್ಡಾದಿಡ್ಡಿ ಮಲಗಬೇಕು. ಇವರ ಹಿಮ್ಮಡಿಗಳೆಲ್ಲ ದಾರ ಹಿಡಿದು ಜೋಡಿಸಿದಂತೆ ಒಂದೇ ಸಾಲಿನಲ್ಲಿವೆ. ಆ ಕರಿ ಚುಕ್ಕೆ ಧೂಳಲ್ಲ. ಅದು ನೊಣ. ಮೊದಲ ಸಲ ಕಣ್ಣಿನ ಮೂಲೆಯಲ್ಲಿದ್ದದ್ದು ಎರಡನೆಯ ಸಲದ ಹೊತ್ತಿಗೆ ನಡೆದುಕೊಂಡು ತುಟಿಗೆ ಬಂದಿದೆ. ಕೊರ್ಬಿ ರೆಪ್ಪೆಯನ್ನೂ ಅಲುಗಿಸಿಲ್ಲ.

ಒಟೀಲಿಯ ಹಲ್ಲಿನ ನೋವು ಇದ್ದಕ್ಕಿದ್ದಂತೆ ಮಾಯವಾಯಿತು. ಮೂರು ಮೇಜಿನಾಚೆ ಅಫ್ರಾ ಅಲಗು ಇಳಿಸುತ್ತ ಯಾವುದೋ ಹಾಡು ಗುನುಗುತ್ತಿದ್ದಳು.

ಒಟೀಲಿ ಚಿತ್ರ, ಕನ್ನಡಕ ಎರಡನ್ನೂ ಹಿಡಿದು ಗಾಜಿನ ಕೋಣೆಗೆ ಹೋದಳು. ಏನು ಹೇಳಬೇಕೆಂದು ಹೋಗುವ ದಾರಿಯಲ್ಲೇ ಮಾತು ಆರಿಸಿಕೊಂಡಳು. ಹೇಳಬಾರದ ಮಾತುಗಳನ್ನು ಅದಕ್ಕೂ ಮೊದಲೇ ಆರಿಸಿ ಬದಿಗಿಟ್ಟಿದ್ದಳು. ಬೈಂಡಿಂಗಿನ ಮುದುಕ ಎಬರ್ಲೆ ಏಪ್ರಿಲ್‌ನಲ್ಲಿ ಒಂದು ತಮಾಷೆಯ ಮಾತಾಡಿದ್ದ. ಆಮೇಲೆ ಅವನನ್ನು ಯಾರೂ ನೋಡಿರಲಿಲ್ಲ, ಅವನ ಏಪ್ರನ್ ಇನ್ನೂ ಅದೇ ಮೊಳೆಗೆ ನೇತಾಡುತ್ತಿತ್ತು.

"ಮೇಸ್ತ್ರಿಗಳೇ, ಎಪ್ಪತ್ತೊಂದು ನಡುಗ್ತಿದೆ. ನಡುಗೋ ಚಿತ್ರ ನಾವು ತಗೊಳ್ಳೋದಿಲ್ಲ. ತಿರಸ್ಕಾರಕ್ಕೆ ಹಾಕ್ಲಾ?"

ಹಾರ್ಟಿಂಗರ್ ಕನ್ನಡಕಕ್ಕೆ ಕಣ್ಣಿಟ್ಟ. ಒಂದು ಚಿತ್ರ ನೋಡಲು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಹಾಗೇ ಇದ್ದ. ಆಮೇಲೆ ಕನ್ನಡಕವನ್ನು ಮಡಚಿಟ್ಟ. "ಫೋಟೋದವನು ಚೀಟಿ ಕಳಿಸಿದ್ದಾನೆ. ಜೋಡಿ ಕ್ಯಾಮೆರಾ ಕೆಟ್ಟಿತ್ತಂತೆ, ಒಂಟಿ ಕ್ಯಾಮೆರಾದಲ್ಲಿ ತೆಗೆದಿದ್ದಾನೆ. ನಡುವೆ ಇಪ್ಪತ್ತು ಸೆಕೆಂಡು. ಈ ಒಂದು ಸಲ ತಗೋತೀವಿ."

"ಹುಲ್ಲೆಲ್ಲ ನಡುಗ್ತಿದೆ. ಆದರೆ ಅವರು..."

"ಅವರು ನಿದ್ದೆ ಮಾಡ್ತಿದ್ದಾರೆ." ಅವನು ಅವಳ ಮುಖ ನೋಡಲಿಲ್ಲ. "ಪಟ್ಟಿ ಅಚ್ಚಾಗಿದೆ. ನಿದ್ದೆ ಅಂತಲೇ ಅಚ್ಚಾಗಿದೆ. ನೋಡಮ್ಮಾ, ಮುಖದ ಮೇಲೆ ಒಂದು ಧೂಳು ಕೂತಿದೆ, ಎರಡೂ ಕಡೆ. ಮುಂದಿನ ಕಂತು ಅಚ್ಚಾಗೋಕೆ ಮುಂಚೆ ನೆಗೆಟಿವ್ ಮೇಲೇ ಒರೆಸಿಬಿಡು. ಗುರುವಾರಕ್ಕೆ ಚೊಕ್ಕಟವಾದ ಪ್ರತಿ ಬೇಕು."

"ಧೂಳು," ಎಂದಳು ಒಟೀಲಿ.

"ಧೂಳು. ಮತ್ತೇನಾದರೂ ಅಂತ ನಿನಗನ್ನಿಸಿದ್ರೆ, ನನಗೆ ಹೇಳ್ಬೇಡ. ನಾನು ಕೇಳಿಸ್ಕೊಂಡರೆ ಮೇಲಿನವರಿಗೆ ಹೇಳ್ಬೇಕಾಗುತ್ತೆ."

ಅವನಿಗೂ ಕಂಡಿದೆ! ಕಂಡವನೇ ಧೂಳು ಎನ್ನುತ್ತಿದ್ದಾನೆ. ಒಟೀಲಿ ಚಿತ್ರವನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಬಂದು ಕೂತಳು. ಕುಂಚ ಎತ್ತಲಾಗಲಿಲ್ಲ. ತಲೆ ಕೊರೆಯುವ ಯೋಚನೆಯೊಂದೇ: ಗುರುವಾರ ಆ ತಾಯಿ, ಬದುಕಿರುವ ಮಗನೆಂದು ಸತ್ತ ಮಗನನ್ನು ನೋಡುತ್ತ ಇನ್ನೊಬ್ಬ ಮಗನನ್ನು ಬರೆದುಕೊಡುತ್ತಾಳೆ. ಸುಮ್ಮನಿದ್ದರೆ ಸಾಕು, ಎಲ್ಲ ತಾನಾಗಿ ನಡೆದುಹೋಗುತ್ತದೆ. ಸುಮ್ಮನಿರುವುದರಲ್ಲಿ ಅವಳಷ್ಟು ನುರಿತವರು ಇರಲಿಲ್ಲ.

ಬುಧವಾರ ಮಧ್ಯಾಹ್ನದ ಬಿಡುವಿನಲ್ಲಿ ಅಫ್ರಾ ಎಂದಿನಂತೆ ಸರೋವರದ ದಂಡೆಯ ದೋಣಿಮನೆಯ ಹಿಂದೆ ಹೋಗಿ ಕೂತಿದ್ದಳು. ಬ್ರೆಡ್ಡಿನ ಮೇಲೆ ಮೂಲಂಗಿ ಹೆಚ್ಚಿಟ್ಟು ಉಪ್ಪು ಉದುರಿಸುತ್ತಿದ್ದಳು. ಒಟೀಲಿ ಬಂದು ಪಕ್ಕದಲ್ಲಿ ಕೂತಳು. ನಾಲ್ಕೂ ದಿಕ್ಕು ನೋಡಿದಳು.

"ಏನೇ, ಕದ್ದು ಬಂದವಳ ಥರ ಇದ್ದೀಯಾ?" ಎಂದು ಅಫ್ರಾ ನಕ್ಕಳು. "ವೀಟ್ ಈಗಾಗಲೇ ಬೂಟಿಗೆ ಪಾಲಿಶ್ ಹಾಕಿಟ್ಟಿದ್ದಾನೆ. ಸಹಿ ಆದ ಸಂಜೆಯೇ ಅವನನ್ನ ಕರ್ಕೊಂಡು ಹೋಗ್ತಾರೆ ಅಂದ್ಕೊಂಡಿದ್ದಾನೆ, ಕೋತಿ."

"ಅಫ್ರಾ, ನಾಳೆ ಸಹಿ ಹಾಕ್ಬೇಡ."

"ಯಾಕೆ?"

"ಆ ಚಿತ್ರ ನಿದ್ದೇದಲ್ಲ."

ಅಫ್ರಾಳ ಕೈಯಲ್ಲಿದ್ದ ಚಾಕು ನಿಂತಿತು. ಒಟೀಲಿ ನಿನ್ನೆಯಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಚದುರಿಹೋದವು. ಒಂಟಿ ಕ್ಯಾಮೆರಾ ಎಂದಳು, ಇಪ್ಪತ್ತು ಸೆಕೆಂಡು ಎಂದಳು, ಹುಲ್ಲು ನಡುಗುತ್ತದೆ, ಅವರು ನಡುಗುವುದಿಲ್ಲ ಎಂದಳು. ಸತ್ತಿದ್ದಾನೆ ಎಂಬ ಮಾತೊಂದನ್ನು ಮಾತ್ರ ಹೇಳಲಿಲ್ಲ.

"ಹೊಟ್ಟೆಕಿಚ್ಚಾ?" ಅಫ್ರಾಳ ಮುಖ ಕೆಂಪೇರಿತು. "ಗಂಡ ಇಲ್ಲ, ಮಕ್ಕಳಿಲ್ಲ, ಬೆಕ್ಕು ಕೂಡ ನಿನ್ನ ಮನೇಲಿ ನಿಲ್ಲಲ್ಲ. ಇನ್ನೊಬ್ಬರ ಮನೇಲಿ ಒಂದು ದಿನ ನಗು ಕಂಡ್ರೆ ಸಹಿಸೋಕಾಗಲ್ಲ, ಅಲ್ವಾ? ಕೇಕು ತಿಂದ ಬಾಯಲ್ಲಿ ಎಂಥ ಮಾತಾಡ್ತೀಯೇ?"

ಅಫ್ರಾ ಚಾಕು ಕೆಳಗಿಟ್ಟಳು.

"ಈಗ ಎದ್ದು ಹೋಗಿ ಮೇಸ್ತ್ರಿಗೆ ಹೇಳ್ತೀನಿ. ಹೀಗೆಲ್ಲ ಮಾತಾಡೋರನ್ನ ಏನ್ಮಾಡ್ತಾರೆ ಗೊತ್ತಾ ನಿನಗೆ?"

"ಗೊತ್ತು."

"ಗೊತ್ತಿದ್ದೂ ಹೇಳ್ತಿದ್ದೀಯಾ?"

"ಹೂಂ."

ಅಫ್ರಾ ಅವಳನ್ನೇ ನೋಡಿದಳು. ಈ ಹೆಂಗಸು ಹನ್ನೊಂದು ವರ್ಷದಲ್ಲಿ ಇವತ್ತು ಮೋಡ ಕವಿದಿದೆ ಎಂದು ಸಹ ಗಟ್ಟಿಯಾಗಿ ಹೇಳಿದವಳಲ್ಲ. ಯಾರಾದರೂ ಹೇಳಿದ ಮೇಲೆ ಹೌದಾ ಎಂದು ಕಿಟಕಿಯತ್ತ ನೋಡುವವಳು. ಅಂಥವಳು ಈಗ ಎದ್ದು ಹೋಗದೆ ಅಲ್ಲೇ ಕೂತಿದ್ದಳು. ಅಫ್ರಾಳ ಮುಖದ ಕೆಂಪು ಮೆಲ್ಲಗೆ ಇಳಿಯತೊಡಗಿತು.

"ತಂದಿದ್ದೀಯಾ?" ಎಂದಳು.

ಒಟೀಲಿ ಜೇಬಿನಿಂದ ಕನ್ನಡಕ, ಚಿತ್ರ ತೆಗೆದುಕೊಟ್ಟಳು. ಕೊಡುವಾಗ ಎಷ್ಟು ಕ್ರೂರ ಕೆಲಸ ಮಾಡುತ್ತಿದ್ದೇನೆ ಎನಿಸಿ ಹಿಂದಕ್ಕೆ ಎಳೆದುಕೊಳ್ಳಹೋದಳು. ಅಫ್ರಾ ಬಿಡಲಿಲ್ಲ. ಅವಳು ಅಷ್ಟು ವರ್ಷ ಚಿತ್ರ ಕತ್ತರಿಸಿದ್ದರೂ ಕನ್ನಡಕ ಇಟ್ಟು ನೋಡಿದ್ದು ಕಡಿಮೆ. ಸರಿಯಾದ ದೂರ ಸಿಗುವವರೆಗೆ ಹಿಂದೆ ಮುಂದೆ ಮಾಡಿದಳು. ಆಮೇಲೆ ಕೈ ನಿಂತಿತು.

"ಹುಲ್ಲು," ಎಂದಳು.

ಸ್ವಲ್ಪ ಹೊತ್ತಿನ ಮೇಲೆ, "ಕುದುರೆ," ಎಂದಳು.

ನೀರು ದೋಣಿಗಳ ತಳಕ್ಕೆ ಬಡಿಯುತ್ತಿತ್ತು. ಅಷ್ಟು ದೊಡ್ಡ ತೋಳುಗಳ ಹೆಂಗಸು ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಒಟೀಲಿ ನೋಡಬೇಕಾಯಿತು.

"ಇಪ್ಪತ್ತು ಸೆಕೆಂಡು ಅಂದೆಯಲ್ಲ," ಎಂದಳು ಅಫ್ರಾ, ಕನ್ನಡಕ ತೆಗೆಯದೆ.

"ಹೌದು."

"ಇಪ್ಪತ್ತು ಸೆಕೆಂಡು ಅಲ್ಲೇ ನಿಂತಿದ್ದನಲ್ಲ ಆ ಫೋಟೋದವನು. ಎರಡು ಹೆಜ್ಜೆ ದೂರದಲ್ಲಿ." ಅವಳ ದನಿಯಲ್ಲಿ ಅಳುವಿರಲಿಲ್ಲ, ಬರೀ ಬೆರಗಿತ್ತು. "ಕೈ ಬೀಸಿ ಆ ನೊಣ ಓಡಿಸ್ಬಾರದಿತ್ತಾ?"

ಕನ್ನಡಕ ಇಳಿಸಿ ಅಫ್ರಾ ಒಟೀಲಿಯ ಕಡೆ ತಿರುಗಿದಳು.

"ನೀನು ತೆಗೀತೀಯಲ್ಲ ಇಂಥದ್ದನ್ನ, ಕುಂಚದಲ್ಲಿ?"

"ತೆಗೀಬಹುದು. ಆದ್ರೆ ಮೇಸ್ತ್ರಿಯೂ ಅದನ್ನೇ ಹೇಳಿದ. ಅದು ಸುಳ್ಳಿಗೆ ಸಹಾಯ ಮಾಡಿದ ಹಾಗೆ ಆಗುತ್ತೆ ಅಂತ ನಾನು..."

"ತೆಗಿ," ಎಂದಳು ಅಫ್ರಾ. "ಮೂವತ್ತು ಸಾವಿರ ಜನ ಅವನ ಮುಖ ನೋಡ್ತಾರೆ. ತೆಗಿ."

ಗಂಟೆ ಬಾರಿಸಿತು. ಅಫ್ರಾ ಸರೋವರದ ನೀರಿನಲ್ಲಿ ಮುಖ ತೊಳೆದುಕೊಂಡಳು. ಉಳಿದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿಟ್ಟಳು. ಒಳಗೆ ಹೋಗಿ ಸಂಜೆಯವರೆಗೆ ಅಲಗು ಎಳೆದಳು. ಒಂದು ಅಂಚೂ ಸೊಟ್ಟಗಾಗಲಿಲ್ಲ. ಅದನ್ನು ನೋಡಿ ಒಟೀಲಿಗೆ ಇನ್ನಷ್ಟು ದಿಗಿಲಾಯಿತು.

ಅವಳು ಕುಂಚ ಹಿಡಿದು ನೆಗೆಟಿವಿನ ಮೇಲೆ ಬಾಗಿದಳು. ನೆಗೆಟಿವಿನಲ್ಲಿ ಮುಖ ಕಪ್ಪು, ನೊಣ ಬಿಳಿ ಸೂಜಿಮೊನೆ. ಮೊದಲು ಕಣ್ಣಿನ ಮೂಲೆಯದನ್ನು ಮುಚ್ಚಿದಳು, ಆಮೇಲೆ ತುಟಿಯದನ್ನು. ಹಿಂದಿನಿಂದ ಮೇಸ್ತ್ರಿ ಬಂದು ನೋಡಿ ಅವಳ ಭುಜ ತಟ್ಟಿದ. "ಹಾಂ, ಹೀಗೆ. ಬುದ್ಧಿವಂತರಿಗೆ ಒಂದು ಮಾತು ಸಾಕು."

ಗುರುವಾರ ಅಫ್ರಾ ಭಾನುವಾರದ ಉಡುಪು ಹಾಕಿಕೊಂಡು ಬಂದಳು. ರವಿಕೆಯ ಮೇಲೆ ಬೆಳ್ಳಿಯ ಸರಪಳಿ, ತಲೆಗೆ ಕರಿ ರೇಷ್ಮೆ ವಸ್ತ್ರ. ಅವಳು ಏನು ಮಾಡುತ್ತಾಳೆಂದು ಒಟೀಲಿಗೆ ಗೊತ್ತಿರಲಿಲ್ಲ. ಕಿರುಚಿಬಿಟ್ಟರೆ? ನನ್ನ ಹೆಸರು ಹೇಳಿಬಿಟ್ಟರೆ? ಸಹಿ ಹಾಕಿಯೇಬಿಟ್ಟರೆ? ಮೂರಕ್ಕೂ ಒಟ್ಟಿಗೆ ಹೆದರುತ್ತ ಅವಳು ಮೇಜಿನ ಅಂಚು ಹಿಡಿದು ನಿಂತಿದ್ದಳು.

ಜಿಲ್ಲಾ ಕಚೇರಿಯ ಮನುಷ್ಯ ದುಂಡಗಿನ, ನಗುಮುಖದ ಆಸಾಮಿ. ಅಫ್ರಾಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಪತ್ರಿಕೆಯವನು ದೀಪ ಹಚ್ಚಿ ನಿಂತ.

"ಕನ್ನಡಕ ಸ್ವಲ್ಪ ಕೆಳಗಿಡಿ ತಾಯೀ, ನಗು ಕಾಣ್ಬೇಕು. ಹಾಂ, ನಗಿ."

ಅಫ್ರಾ ಹೊಸ ಪ್ರತಿಯನ್ನು ಕನ್ನಡಕದಲ್ಲಿಟ್ಟು ನೋಡಿದಳು. ಹುಲ್ಲು ಇನ್ನೂ ನಡುಗುತ್ತಿತ್ತೆಂದು ಒಟೀಲಿಗೆ ಗೊತ್ತು. ಅದನ್ನು ಯಾವ ಕುಂಚವೂ ನಿಲ್ಲಿಸಲಾರದು.

"ಏನು ಕಾಣುತ್ತೆ ತಾಯೀ?" ಕಚೇರಿಯವನು ಕೇಳಿದ.

"ನನ್ನ ಮಗ."

"ಏನ್ಮಾಡ್ತಿದ್ದಾನೆ ವೀರ?"

ಅಫ್ರಾ ಕನ್ನಡಕ ಇಳಿಸಿ ಮೇಸ್ತ್ರಿಯ ಕಡೆ ತಿರುಗಿದಳು. "ನಿದ್ದೆ ಮಾಡ್ತಿದ್ದಾನೆ. ಅಲ್ವಾ ಮೇಸ್ತ್ರಿಗಳೇ?"

"ಹೌದು ಹೌದು," ಎಂದ ಹಾರ್ಟಿಂಗರ್.

ದೀಪ ಮಿಂಚಿತು. ಕಚೇರಿಯವನು ಚರ್ಮದ ಚೀಲದಿಂದ ಕಾಗದ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ ಅವಳ ಮುಂದಿಟ್ಟ. ಅಫ್ರಾ ಪೆನ್ನು ಮುಟ್ಟಲಿಲ್ಲ.

"ನಮ್ಮ ಮನೇಲಿ ಯಜಮಾನರಿಲ್ಲ ಸ್ವಾಮಿ," ಎಂದಳು. ದನಿ ತಗ್ಗಿತ್ತು, ಆದರೆ ಕೋಣೆಯ ಕೊನೆಯವರೆಗೂ ಕೇಳುತ್ತಿತ್ತು. "ಅವರ ಜಾಗದಲ್ಲಿ ದೊಡ್ಡ ಮಗ ಇರೋದು. ಚಿಕ್ಕವನ ವಿಷಯ ಯಾವುದನ್ನೂ ನಾನು ಅವನನ್ನ ಕೇಳದೆ ಮಾಡಿದವಳಲ್ಲ. ಶಾಲೆಗೆ ಸೇರಿಸೋವಾಗಲೂ ಕೇಳಿದ್ದೆ."

"ಅವನು ರಣರಂಗದಲ್ಲಿದ್ದಾನಲ್ಲ ತಾಯೀ."

"ಎಲ್ಲಿದ್ರೂ ಇದ್ದಾನಲ್ಲ. ನಿದ್ದೆಯಿಂದ ಎದ್ದ ಮೇಲೆ ಒಂದು ಸಾಲು ಬರೀಲಿ, ತಮ್ಮ ಬರಲಿ ಅಮ್ಮ ಅಂತ. ಅದು ಕೈಗೆ ಬಂದ ಗಳಿಗೆ ಸಹಿ ಹಾಕ್ತೀನಿ."

"ಅಂಚೆ ತಡವಾಗಬಹುದು..."

"ನನ್ನ ಕಾಗದ ಮೂರು ಸಲ ತಿರುಗಿ ಬಂತು. ನಿಮ್ಮಂಥ ದೊಡ್ಡವರು ಕೇಳಿದ್ರೆ ಉತ್ತರ ಸಿಗುತ್ತೆ. ಅವನ ಅಂಚೆ ಸಂಖ್ಯೆ ಬರ್ಕೊಳ್ಳಿ." ಅವಳು ಒಂದೊಂದೇ ಅಂಕಿ ಹೇಳಿದಳು. ಕಚೇರಿಯವನು ಅಷ್ಟೇ ವಿಧೇಯನಾಗಿ ಬರೆದುಕೊಂಡ.

"ಖಂಡಿತ! ನಾನೇ ಖುದ್ದಾಗಿ ವಿಚಾರಿಸ್ತೀನಿ. ಅಣ್ಣನ ಕಾಗದದ ಜೊತೆ ತಾಯಿಯ ಸಹಿ, ಪತ್ರಿಕೆಗೆ ಅದು ಇನ್ನೂ ಚೆನ್ನಾಗಿರುತ್ತೆ!" ಅವನಿಗೆ ಆ ಯೋಚನೆ ತುಂಬ ಹಿಡಿಸಿದಂತಿತ್ತು. ಹಾರ್ಟಿಂಗರನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಅವನು ಏನೋ ಹೇಳಲು ಬಾಯಿ ತೆರೆದ. ಏನು ಹೇಳಬಲ್ಲ? ಆ ಹುಡುಗ ಏಳುವುದಿಲ್ಲ ಎಂದೇ?

ಸಹಿಯಿಲ್ಲದ ಕಾಗದ ಚೀಲದೊಳಗೆ ಹೋಯಿತು. ಅತಿಥಿಗಳ ಕಾರು ಹೊರಟುಹೋಯಿತು. ಅಫ್ರಾ ಬೆಳ್ಳಿಯ ಸರಪಳಿ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿಟ್ಟು, ಏಪ್ರನ್ ಹಾಕಿಕೊಂಡು ಯಂತ್ರದ ಮುಂದೆ ನಿಂತಳು. ಅಲಗು ಎತ್ತಿ ಹಿಡಿದವಳು ಬಹಳ ಹೊತ್ತು ಇಳಿಸಲಿಲ್ಲ. ಅವಳಿಗೆ ಸಿಕ್ಕದ್ದು, ವೀಟ್‌ಗೆ ಸೇನೆಯಿಂದಲೇ ಕರೆ ಬರುವವರೆಗಿನ ಕೆಲವು ವಾರಗಳೋ ತಿಂಗಳುಗಳೋ, ಅಷ್ಟೇ ಎಂದು ಒಟೀಲಿಗೆ ತಿಳಿದಿತ್ತು. ಅಫ್ರಾಳಿಗೂ ತಿಳಿದಿತ್ತು.

ಮೇಸ್ತ್ರಿ ನೇರವಾಗಿ ಒಟೀಲಿಯ ಮೇಜಿಗೆ ಬಂದ. ಬೈಯಲಿಲ್ಲ. "ನಾಳೆಯಿಂದಲ್ಲ, ಈಗಿಂದಲೇ ಪ್ಯಾಕಿಂಗ್‌ಗೆ ಹೋಗು. ಇಲ್ಲಿ ಲಿಯೋಬಾ ಕೂರ್ತಾಳೆ." ಹೋಗುವಾಗ ತಿರುಗಿ, "ನಿನ್ನ ಕಣ್ಣು ದಣಿದಿದೆ," ಎಂದ.

ಅಷ್ಟಕ್ಕೇ ಮುಗಿಯಿತೇ, ಇನ್ನೂ ಇದೆಯೇ ಎಂದು ಕೇಳುವ ಧೈರ್ಯ ಒಟೀಲಿಗಿರಲಿಲ್ಲ. ಕುಂಚಗಳನ್ನು ತೊಳೆದಿಟ್ಟು, ಕುರ್ಚಿಯ ಮೇಲಿನ ತನ್ನ ದಿಂಬನ್ನು ಎತ್ತಿಕೊಂಡಳು. ಲಿಯೋಬಾ ಬಂದು ಪಕ್ಕದಲ್ಲಿ ನಿಂತಳು. ಮೂವತ್ತರ ಹೆಂಗಸು, ಗಂಡ ನಾರ್ವೆಯ ಕಾವಲಿನಲ್ಲಿದ್ದ. ಅವಳು ಒಟೀಲಿಯ ಮುಖ ನೋಡದೆ ತುಟಿ ಅಲುಗಿಸಿದಳು.

"ನಾನು ಸೋಮವಾರವೇ ನೋಡಿದ್ದೆ."

"ಏನನ್ನ?"

"ನೀನು ನೋಡಿದ್ದನ್ನೇ. ಅವರು ನಡುಗಲಿಲ್ಲ."

ಒಟೀಲಿಯ ಕೈಯಿಂದ ದಿಂಬು ಜಾರಿತು. "ಮತ್ತೆ ಪಾಸು ಅಂತ ಬರೆದೆಯಲ್ಲೇ!"

"ಅಫ್ರಾ ಆಗಲೇ ಕುಣೀತಿದ್ದಳು. ಮೇಸ್ತ್ರಿ ಆಗಲೇ ಫೋನು ಮಾಡ್ತಿದ್ದ. ನಾನೇನು ಬರೀಬೇಕಿತ್ತು?"

"ಬೇರೆ ಯಾರಿಗಾದರೂ ಹೇಳಿದ್ಯಾ?"

"ನಾನು ಯಾರಿಗೂ ಹೇಳಲಿಲ್ಲ. ಆದರೆ ಸೋಮವಾರ ಸಂಜೆ ಆ ಚಿತ್ರವನ್ನ, ಕನ್ನಡಕ ಇಟ್ಕೊಂಡು, ಎಲ್ಲರೂ ಒಬ್ಬೊಬ್ಬರಾಗಿ ನೋಡಿದರು. ಅಫ್ರಾ ಒಬ್ಬಳೇ ನೋಡಲಿಲ್ಲ. ಅವಳು ಬೆಣ್ಣೆ ತರೋಕೆ ಹೋಗಿದ್ದಳು."

ಒಟೀಲಿ ತಿರುಗಿ ಕೋಣೆಯನ್ನು ನೋಡಿದಳು. ವಿಂಗಡಿಸುವವರು ವಿಂಗಡಿಸುತ್ತಿದ್ದರು, ರಟ್ಟಿನ ಸಂದಿಗೆ ಚಿತ್ರ ತೂರಿಸುವವರು ತೂರಿಸುತ್ತಿದ್ದರು. ಮಂಗಳವಾರ ಕೇಕಿನ ಸುತ್ತ ನಗುತ್ತಿದ್ದ ಹನ್ನೆರಡು ತಲೆಗಳೂ, ಪಕ್ಕದ ಲಿಯೋಬಾಳದೂ ಸೇರಿ, ಬಾಗಿದ್ದವು. ಒಂದು ತಲೆಯೂ ಮೇಲೇಳಲಿಲ್ಲ. ಅವಳು ದಿಂಬನ್ನು ಎತ್ತಿಕೊಂಡು ಆ ಮೇಜುಗಳ ನಡುವೆ ಪ್ಯಾಕಿಂಗ್ ಕಡೆಗೆ ನಡೆದಳು. ಹಿಂದೆ ಅಲಗು ಇಳಿದ ಸದ್ದಾಯಿತು.